ಕೆರೆಯೊಳಗಿನ ಮತದಾರರು

ನಮ್ಮ ಮನೆಗೆ ನುಗ್ಗಿದ ನೀರಿಗೆ ಅಮ್ಮ ಬಾಗಿನ ಕೊಟ್ಟಳು. ನೀರು ಎಷ್ಟಿತ್ತು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಅದು ತೊಡೆಯವರೆಗಿತ್ತು. ಅಮ್ಮನ ಪ್ರಕಾರ ಮೊಣಕಾಲು. ಆ ಸೈಟನ್ನು ಆರಿಸಿದವರು ಅಪ್ಪ. ಹಾಗಾಗಿ ಅವರ ನೆನಪಿನಲ್ಲಿ ನೀರು ಬರಲೇ ಇಲ್ಲ, ನೆಲ ಸ್ವಲ್ಪ ಹಸಿಯಾಗಿತ್ತು ಅಷ್ಟೆ. ಇದನ್ನು ತೀರ್ಮಾನಿಸಬಲ್ಲ ಒಂದೇ ಒಂದು ಫೋಟೋ ಇತ್ತು. ತೆಗೆದವನು ನಾನು. ಅದೀಗ ಒಂದು ಸರ್ಕಾರಿ ಕಚೇರಿಯ ಫೈಲಿನೊಳಗಿದೆ, ಅಥವಾ ಆ ಫೈಲನ್ನು ತಿಂದ ಗೆದ್ದಲಿನೊಳಗೆ.

ತೊಂಬತ್ತರ ದಶಕದ ಕೊನೆಯ ಯಾವುದೋ ವರ್ಷ. ನನಗೆ ಹತ್ತೊಂಬತ್ತೋ ಇಪ್ಪತ್ತೋ. ಹನುಮಂತನಗರದ ಬಾಡಿಗೆ ಮನೆ ಬಿಟ್ಟು ಜರಗನಹಳ್ಳಿಯ ಹಿಂದಿನ ಹೊಸ ಲೇಔಟಿಗೆ ನಾವು ಬಂದು ಎರಡು ವರ್ಷವಾಗಿತ್ತು. ಹನುಮಂತನಗರದಲ್ಲಿ ಮಳೆ ಸುರಿದರೆ ನೀರು ಗುಡ್ಡದಿಂದ ಇಳಿದು ಎಲ್ಲಿಗೋ ಹೋಗಿಬಿಡುತ್ತಿತ್ತು. ಎಲ್ಲಿಗೆ ಎಂದು ನಾವು ಯಾವತ್ತೂ ಕೇಳಿರಲಿಲ್ಲ. ಅದೆಲ್ಲ ಈ ಲೇಔಟಿಗೇ ಬರುತ್ತಿತ್ತು ಎನ್ನುವುದು ಭೂಗೋಳದ ಪ್ರಕಾರ ತಪ್ಪು, ಆದರೆ ಇಲ್ಲಿ ನಿಂತು ನೋಡಿದರೆ ಹಾಗೇ ಅನ್ನಿಸುತ್ತಿತ್ತು. ಸೈಟು ಮಾರಿಸಿದ ಬ್ರೋಕರ್ ಏನನ್ನೂ ಮುಚ್ಚಿಟ್ಟಿರಲಿಲ್ಲ. ‘ಇಲ್ಲಿ ಕೆರೆ ಇತ್ತು ಸಾರ್, ಈಗ ಇಲ್ಲ’ ಎಂದಿದ್ದ, ತೀರಿಕೊಂಡ ನೆಂಟರ ಬಗ್ಗೆ ಹೇಳುವ ದನಿಯಲ್ಲಿ.

ರಸ್ತೆ ತಗ್ಗಿಗಿಳಿಯುವ ಕೊನೆಯಲ್ಲಿ ಶೀಟು ಹೊದಿಸಿದ ಒಂದು ಕೋಣೆಯಿತ್ತು. ಅದರಲ್ಲಿ ಸೊಪ್ಪಿನಜ್ಜಿ ಒಬ್ಬಳೇ ಇದ್ದಳು. ಕೆರೆ ಇದ್ದ ಕಾಲದಲ್ಲಿ ಅದರ ಅಂಚಿನಲ್ಲಿ ದಂಟು, ಕೀರೆ, ಸಬ್ಬಸಿಗೆ ಬೆಳೆದವಳು. ಈಗ ಬೇರೆ ಯಾರೋ ಬೆಳೆದ ಸೊಪ್ಪನ್ನು ತಂದು ಜೆ.ಪಿ. ನಗರದ ಬೀದಿಗಳಲ್ಲಿ ಮಾರುತ್ತಿದ್ದಳು. ಮಂಡಿನೋವಿನಿಂದಾಗಿ ವಾರಕ್ಕೆ ಮೂರು ದಿನ ಮಾತ್ರ ಬುಟ್ಟಿ ಹೊರಲಾಗುತ್ತಿತ್ತು. ಉಳಿದ ದಿನಗಳನ್ನು ನಡೆಸುತ್ತಿದ್ದುದು ಅಂಚೆಯವನು ತಂದುಕೊಡುತ್ತಿದ್ದ ವೃದ್ಧಾಪ್ಯ ಪಿಂಚಣಿ. ಅದರಲ್ಲೇ ಅವಳ ಬಿ.ಪಿ. ಮಾತ್ರೆ ಬರುತ್ತಿತ್ತು. ಪಿಂಚಣಿ ತಡವಾದ ತಿಂಗಳು ಅವಳು ಮಾತ್ರೆಯನ್ನು ಚಾಕುವಿನಿಂದ ಎರಡು ಮಾಡಿ ನುಂಗುತ್ತಿದ್ದಳು. ಇದು ಮಾತ್ರ ನನಗೆ ಖಚಿತವಾಗಿ ನೆನಪಿದೆ, ಯಾಕೆಂದರೆ ಚಾಕು ನಮ್ಮದು.

ರಾತ್ರಿಯಿಡೀ ಸುರಿದ ಮಳೆ ಬೆಳಿಗ್ಗೆ ನಿಂತಿತ್ತು. ಅಜ್ಜಿಯ ಕೋಣೆಯ ಒಂದು ಗೋಡೆ ಬಿದ್ದಿತ್ತು. ಅಮ್ಮ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಅಕ್ಕಿ ಡಬ್ಬಗಳನ್ನು ಅಟ್ಟಕ್ಕೇರಿಸುತ್ತಿದ್ದಳು. ಆಗ ಅಜ್ಜಿ ಸೀರೆ ಎತ್ತಿಕಟ್ಟಿ, ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತಳು.

‘ಅವ್ವಾ, ಗಂಗಮ್ಮ ಬಂದವ್ಳೆ. ಮೊರ ಎತ್ಕೊ.’

‘ಅಜ್ಜೀ, ನಿಮ್ಮನೆ ಗೋಡೆ ಬಿದ್ದೋಗಿದೆ!’

‘ಬೀಳ್ಲಿ ಬಿಡು. ಅವ್ಳ ಜಾಗ, ಅವ್ಳು ಬಂದ್ಲು. ಎಷ್ಟ್ ವರ್ಸ ಆಗಿತ್ತು ಈ ಕೆರೆ ತುಂಬಿ! ಬಾಗಿನ ಕೊಡ್ದೆ ಇದ್ರೆ ಮನೇಗ್ ಬಂದೋರ್ನ ಕೂತ್ಕಾ ಅಂತ್ಲೂ ಅನ್ನದಂಗಾಯ್ತದೆ. ನಾನು ಗಂಡ ಸತ್ತೋಳು, ಕೊಡಂಗಿಲ್ಲ. ನೀನ್ ಕೊಡು.’

ಕೆರೆ ತುಂಬಿದಾಗ ಮುತ್ತೈದೆಯರು ಮೊರದಲ್ಲಿ ಬಾಗಿನ ಬಿಡುವುದು ನಮ್ಮ ಕಡೆಯ ರೂಢಿ. ಆದರೆ ನಡುಮನೆಯೊಳಕ್ಕೆ ಬಂದ ಕೆರೆಗೂ ಅದು ಅನ್ವಯಿಸುತ್ತದೆಯೇ ಎಂದು ಅಮ್ಮ ಯಾರನ್ನು ಕೇಳಬೇಕಿತ್ತು? ಸ್ಟೂಲಿನಿಂದ ಇಳಿದಳು. ಬಾಗಿನಕ್ಕೆ ಎರಡು ಮೊರ ಬೇಕು. ಮನೆಯಲ್ಲಿದ್ದುದು ಒಂದು ಬಿದಿರಿನದು, ಒಂದು ನೀಲಿ ಪ್ಲಾಸ್ಟಿಕ್ಕಿನದು. ನೆನೆಯದೆ ಉಳಿದಿದ್ದ ಅಕ್ಕಿ, ಬೇಳೆ, ಬೆಲ್ಲದಚ್ಚು, ಹಸಿರು ಬಳೆ, ಅರಿಶಿನ, ಕುಂಕುಮ ಎಲ್ಲ ಒದಗಿತು. ರವಿಕೆ ಕಣಕ್ಕೆ ಬೀರು ತೆಗೆದಾಗ ಸಿಕ್ಕಿದ್ದು ನೇರಳೆ ಬಣ್ಣದ ಒಂದು ತುಂಡು. ಅದು ಜಯನಗರದ ಗೃಹಪ್ರವೇಶದಿಂದ ಶ್ರೀನಗರದ ಸೀಮಂತಕ್ಕೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬಂದು, ಇನ್ನೊಬ್ಬರಿಗೆ ಹೋಗಲು ಕಾಯುತ್ತಿತ್ತು. ಅದನ್ನು ಯಾರೂ ಎಂದೂ ಹೊಲಿಸಿಕೊಂಡಿರಲಿಲ್ಲ.

ಸೋದರಮಾವನ ಕ್ಯಾಮೆರಾ ಆಗ ನನ್ನ ಹತ್ತಿರವಿತ್ತು. ರೋಲಿನಲ್ಲಿ ಒಂದೇ ಫೋಟೋ ಉಳಿದಿತ್ತು. ಅಮ್ಮ ಗೇಟಿನ ಬಳಿ ಮೊರ ಹಿಡಿದು ನಿಂತಳು, ಪಕ್ಕದಲ್ಲಿ ಅಜ್ಜಿ ಕರ್ಪೂರದ ತಟ್ಟೆ ಹಿಡಿದಳು. ನಾನು ಒತ್ತಿದೆ. ಆಮೇಲೆ ನಡೆದದ್ದು ಫೋಟೋದಲ್ಲಿಲ್ಲ: ಬಾಗಿನ ತೇಲುತ್ತ ಎದುರು ಮನೆಯವರ ಸ್ಕೂಟರಿಗೆ ಪ್ರದಕ್ಷಿಣೆ ಹಾಕಿ, ನಮ್ಮ ಗೇಟಿನೊಳಗೇ ತಿರುಗಿ ಬಂತು.

‘ನೋಡ್ದಾ ಅವ್ವ,’ ಅಜ್ಜಿ ಗಂಭೀರವಾಗಿ ಹೇಳಿದಳು, ‘ಊರೆಲ್ಲ ಸುತ್ತಿದ್ ರವಿಕೆ ಕಣ ಕೊಟ್ರೆ ಅವ್ಳ್ಗೂ ಗೊತ್ತಾಯ್ತದೆ.’

ಗೋಡೆ ಬಿದ್ದವರಿಗೆ ಪರಿಹಾರ ಸಿಗುತ್ತದೆ ಎಂಬ ಸುದ್ದಿ ಬಂದಾಗ ಅಜ್ಜಿಯ ಪರವಾಗಿ ಅರ್ಜಿ ಬರೆದವನು ನಾನು. ನನ್ನ ಅಕ್ಷರ ದುಂಡಗಿತ್ತು ಮತ್ತು ನನಗೆ ಕಾಲೇಜಿಗೆ ಹೋಗದಿರಲು ಕಾರಣ ಬೇಕಿತ್ತು. ಕೊನೆಗೆ ನೀರಿನ ಪ್ರಮಾಣ ತಿಳಿಯಲಿ ಎಂದು ಆ ಫೋಟೋವನ್ನು ಗುಂಡುಪಿನ್ನಿನಿಂದ ಸಿಕ್ಕಿಸಿದೆ. ‘ಬೇಡ ಅಂತ ಆಗಲೇ ಹೇಳಿದ್ದೆ’ ಎಂದು ಅಪ್ಪ ಈಗ ಅನ್ನುತ್ತಾರೆ. ಅವರು ಹಾಗೆ ಹೇಳಿರಲಿಲ್ಲ. ‘ಫೋಟೋ ಚೆನ್ನಾಗಿ ಬಂದಿದೆ’ ಎಂದಿದ್ದರು.

ಪರಿಹಾರ ಬರಲಿಲ್ಲ. ಮುಂದಿನ ತಿಂಗಳು ಪಿಂಚಣಿಯೂ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಅಜ್ಜಿ ಚಾಕು ಕೇಳಿಕೊಂಡು ಬಂದಳು. ನಾನು ಕಚೇರಿಗೆ ಹೋದೆ.

ಗುಮಾಸ್ತರು ಪರಿಹಾರದ ಅರ್ಜಿ, ಪಿಂಚಣಿಯ ಕಾಗದ ಎರಡೂ ಇದ್ದ ಫೈಲು ಹುಡುಕಿ ತೆಗೆದರು. ಫೋಟೋವನ್ನು ನನ್ನ ಕಡೆ ತಿರುಗಿಸಿದರು.

‘ಏನ್ರೀ ಇದು?’

‘ನೀರು ಸಾರ್.’

‘ನೀರು ಕಾಣ್ತಿದೆ. ಕೈಯಲ್ಲೇನು?’

‘ಬಾಗಿನ.’

‘ಯಾರಿಗೆ?’

ಇಲ್ಲಿ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ‘ಗಂಗಮ್ಮನಿಗೆ ಸಾರ್. ಕೆರೆಗೆ.’

‘ನೋಡಿ, ನೀವೇ ಹೇಳಿದ್ರಿ,’ ಎಂದು ಅವರು ಪೆನ್ನಿನ ಕ್ಯಾಪು ಮುಚ್ಚಿದರು. ‘ಚರಂಡಿ ನೀರಿಗೆ ಯಾರಾದ್ರೂ ಬಾಗಿನ ಕೊಡ್ತಾರೇನ್ರೀ? ನಮ್ಮ ನಕ್ಷೆಯಲ್ಲೂ ಅದು ಕೆರೆ, ನಿಮ್ಮ ಫೋಟೋದಲ್ಲೂ ಕೆರೆ. ಮನೆಗೆ ನೀರು ನುಗ್ಗಿದ್ರೆ ನೆರೆ, ಪರಿಹಾರ ಕೊಡಬಹುದು. ಕೆರೆಗೆ ನೀರು ಬಂದ್ರೆ ಅದು ಸಂತೋಷದ ವಿಷಯ.’

‘ಪರಿಹಾರ ಹೋಗ್ಲಿ ಸಾರ್. ಪಿಂಚಣಿ ಯಾಕೆ ನಿಂತೋಯ್ತು?’

‘ವಾಸಸ್ಥಳ ಕೆರೆ ಅಂತ ಆದ್ಮೇಲೆ ಅಲ್ಲಿ ಯಾರು ವಾಸ ಇರ್ತಾರೆ? ಮೀನು. ಮೀನುಗಾರಿಕೆ ಬೇರೆ ಇಲಾಖೆ.’

‘ಅಲ್ಲಿ ರಸ್ತೆ ಇದೆ ಸಾರ್, ಕರೆಂಟ್ ಕಂಬ ಇದೆ. ವೋಟರ್ ಲಿಸ್ಟಲ್ಲಿ ಅಜ್ಜಿ ಹೆಸರಿದೆ.’

‘ಅದು ಓಟಿಗೆ. ಓಟಿಗೆ ನೆಲ, ಪಿಂಚಣಿಗೆ ಕೆರೆ. ಎರಡನ್ನೂ ಕೂಡಿಸೋಕೆ ಹೋಗ್ಬೇಡಿ, ನಿಮಗೇ ತಲೆನೋವು. ಸ್ಥಳ ತನಿಖೆಗೆ ಅಂತ ಬರ್ಕೊಡಿ. ಕೆರೆ ಅಲ್ಲ ಅಂತ ಸಾಬೀತಾದ್ರೆ ನೋಡೋಣ.’

ಅವರು ಕೆಟ್ಟ ಮನುಷ್ಯರಲ್ಲ. ಲಂಚ ಕೇಳಲಿಲ್ಲ. ಕೇಳಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಂಡು ಹಗುರವಾಗಿ ಮನೆಗೆ ಬರಬಹುದಿತ್ತು. ಅವರು ಕೊನೆಯವರೆಗೂ ತರ್ಕಬದ್ಧವಾಗಿದ್ದರು. ತಪ್ಪು ಮಾಡಿದವನು ನಾನೇ, ಗುಂಡುಪಿನ್ನಿನೊಂದಿಗೆ. ತನಿಖೆಗೆ ಬರೆದುಕೊಟ್ಟು ಬಂದೆ. ತನಿಖೆಗೆ ಯಾರೂ ಬರಲಿಲ್ಲ. ಚುನಾವಣೆ ಬಂತು.

ಅಭ್ಯರ್ಥಿಯ ತೆರೆದ ಜೀಪು ನಮ್ಮ ರಸ್ತೆಯ ತಗ್ಗಿನವರೆಗೆ ಬಂದು ಕೆಸರು ನೋಡಿ ನಿಂತಿತು. ಅಜ್ಜಿ ಖಾಲಿ ಬುಟ್ಟಿ ಹಿಡಿದು ಅದಕ್ಕೆ ಅಡ್ಡ ನಿಂತಳು.

‘ಸ್ವಾಮಿ, ಒಂದ್ ಮಾತು. ನಾನು ನೆಲದ್ ಮ್ಯಾಲಿದೀನಾ, ಕೆರೇಲಿದೀನಾ?’

‘ನೀವು ನನ್ನ ಹೃದಯದಲ್ಲಿದ್ದೀರಿ ತಾಯಿ,’ ಎಂದು ಅವರು ಕೈ ಮುಗಿದರು.

‘ಅದ್ಯಾವ್ ಆಫೀಸ್ಗೆ ಸೇರ್ತದೆ?’

ಈ ಪ್ರಶ್ನೆಯನ್ನು ಅವಳು ಅಲ್ಲೇ ಕೇಳಿದಳೋ, ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ಯೋಚಿಸಿ ಹೇಳಿದಳೋ, ಈಗ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆಮೇಲಿನದನ್ನು ಹೇಳಬಲ್ಲೆ. ಜೀಪಿನ ಹಿಂದೆ ಕೂತಿದ್ದವನೊಬ್ಬ ಮತದಾರರ ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಾಡಿಸುತ್ತಿದ್ದ. ನಾನೂ ನನ್ನ ಕ್ರಿಕೆಟ್ ಗೆಳೆಯರೂ ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದೆವು, ಐದೋ ಆರೋ ಜನ.

‘ನಿಮ್ದೆಲ್ಲ ಓಟು ಇಲ್ಲೇನಾ?’ ಎಂದು ಅವನು ಕೇಳಿದ.

‘ಲಿಸ್ಟಲ್ಲಿ ಹೆಸರಿಲ್ಲ ಗುರು.’

‘ಯಾರದ್ದೂ?’

‘ಯಾರದ್ದೂ ಇಲ್ಲ. ಫಾರಂ ಯಾರ್ ತುಂಬ್ತಾರೆ ಮಗಾ!’ ಎಂದು ನನ್ನ ಪಕ್ಕದವನು ಹೇಳಿದ. ನಾವೆಲ್ಲ ನಕ್ಕೆವು. ಮತದಾನದ ದಿನ ರಜೆ, ಜಯನಗರದ ಮೈದಾನದಲ್ಲಿ ಮ್ಯಾಚು ಎಂದು ಆಗಲೇ ನಿಶ್ಚಯವಾಗಿತ್ತು.

ಅವನು ಪಟ್ಟಿ ಮಡಚಿದ. ‘ಅಣ್ಣಾ, ಈ ರಸ್ತೇಲಿ ಹುಡುಗ್ರ ಓಟಿಲ್ಲ. ಮುಂದಿನ ರಸ್ತೆಗೆ ಹೋಗೋಣ ನಡೀರಿ.’ ಜೀಪು ಹಿಂದಕ್ಕೆ ಸರಿಯಿತು. ಅಜ್ಜಿಯ ಪ್ರಶ್ನೆ ಕೆಸರಿನಲ್ಲೇ ಉಳಿಯಿತು. ಅವಳು ನನ್ನ ಕಡೆ ತಿರುಗಿದಳು.

‘ಏನ್ಲಾ, ನಿನ್ನೆಸ್ರೇ ಇಲ್ವಾ?’

‘ಇಲ್ಲ ಅಜ್ಜಿ.’

‘ಮೀಸೆ ಬಂದದೆ, ಎಸ್ರು ಬಂದಿಲ್ಲ! ನಂಗೆ ಪಿಂಚಣಿ ಇಲ್ಲ, ನಿಂಗೆ ಓಟಿಲ್ಲ. ಇಬ್ರೂ ಸೇರುದ್ರೆ ಒಬ್ಬ ಮನ್ಸ ಆಯ್ತೀವಿ ಕಣ್ಲಾ.’

ಗೆಳೆಯರು ಹೋ ಎಂದು ಕೂಗಿದರು. ನಾನೂ ನಕ್ಕೆ. ಮತದಾನದ ದಿನ ಅವಳು ಮಂಡಿ ಹಿಡಿದುಕೊಂಡು ನಡೆದುಹೋಗಿ ಓಟು ಹಾಕಿದಳು. ನಾನು ಸೊನ್ನೆಗೆ ಔಟಾದೆ. ಇದು ಅರ್ಥ ಬರಲೆಂದು ನಾನು ಸೇರಿಸಿದ ವಿವರವಲ್ಲ. ಆ ವರ್ಷ ನಾನು ಹೆಚ್ಚು ಕಡಿಮೆ ಎಲ್ಲ ಮ್ಯಾಚಿನಲ್ಲೂ ಸೊನ್ನೆಗೇ ಔಟಾಗುತ್ತಿದ್ದೆ.

ಮಳೆ ಆಕಾಶದ ವ್ಯವಹಾರ, ಪಿಂಚಣಿ ಮುದುಕರ ವ್ಯವಹಾರ ಎಂದು ಆಗ ನಾನು ತಿಳಿದಿದ್ದೆ. ಎರಡರಲ್ಲೂ ನನಗೆ ಪಾಲಿರಲಿಲ್ಲ. ಆದರೆ ಕಚೇರಿಯಲ್ಲಿ ಆ ಎರಡನ್ನೂ ಒಂದೇ ಕೆಂಪು ದಾರದಲ್ಲಿ ಕಟ್ಟಿಟ್ಟಿದ್ದುದನ್ನು ನನ್ನ ಕಣ್ಣಾರೆ ನೋಡಿದ್ದೆ. ನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು ಎಂದು ಯಾರೋ ತೀರ್ಮಾನಿಸುತ್ತಾರೆ. ನಿಂತ ನೀರಿನಲ್ಲಿ ಗೋಡೆ ಬಿದ್ದವಳಿಗೆ ಮಾತ್ರೆ ಸಿಗಬೇಕೋ ಬೇಡವೋ ಎಂದೂ ಅವರೇ ತೀರ್ಮಾನಿಸುತ್ತಾರೆ. ತೀರ್ಮಾನಕ್ಕೆ ಮೊದಲು ಅವರು ತೊಡೆಯ ಮೇಲೆ ಒಂದು ಪಟ್ಟಿ ಹರಡಿಕೊಂಡು ಬೆರಳಾಡಿಸುತ್ತಾರೆ. ನಾವು ಐದಾರು ಮಂದಿ ಕಾಂಪೌಂಡಿನ ಮೇಲೆ ಕಣ್ಣೆದುರೇ ಕೂತಿದ್ದರೂ ಆ ಪಟ್ಟಿಯ ಮಟ್ಟಿಗೆ ಅಲ್ಲಿ ಬರೀ ಕಾಂಪೌಂಡಿತ್ತು.

ಎಷ್ಟೋ ವರ್ಷಗಳ ನಂತರ, ಎರಡು ಸಾವಿರದ ದಶಕದಲ್ಲಿ, ಬಿ.ಟಿ.ಎಂ. ಲೇಔಟಿನ ಆಫೀಸೊಂದರಲ್ಲಿ ನನ್ನ ಪಕ್ಕದ ಮೇಜಿನವನಿಗೆ ಇದನ್ನು ಹೇಳಿದೆ. ಉತ್ತರ ಕರ್ನಾಟಕದವನು, ಇಪ್ಪತ್ತಮೂರರ ತರುಣ. ಹೊರಗೆ ರಸ್ತೆ ತುಂಬಿ ಹರಿಯುತ್ತಿತ್ತು. ‘ನನ್ನ ಓಟು ಊರಾಗೈತ್ರಿ ಸರ,’ ಎಂದ ಅವನು. ‘ಇಲ್ಲಿ ನಾ ಬಾಡಿಗಿ ಮನುಷ್ಯಾ. ಇಲ್ಲಿ ಮಳಿಗೂ ನನಗೂ ಏನ್ ಸಂಬಂಧರೀ?’ ಹಾಗೆನ್ನುವಾಗ ಅವನ ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು, ಎರಡು ಷೂಗಳೂ ಕೈಯಲ್ಲಿದ್ದವು. ನಾನು ಷೂಗಳನ್ನು ನೋಡಿದೆ. ಅವನೂ ನೋಡಿಕೊಂಡ.

‘ಅದಿರ್ಲಿ,’ ಎಂದ. ‘ಮುದುಕಿ ಪಿಂಚಣಿ ಬಂತೋ ಇಲ್ಲೋ, ಅದನ್ನ ಹೇಳ್ರಿ ಮೊದ್ಲ.’

ಹೇಳುತ್ತೇನೆ. ಚುನಾವಣೆ ಮುಗಿದ ಮೇಲೆ ಬೇಸಿಗೆ ಬಂತು. ಕಳೆದ ಮಳೆಗಾಲದಲ್ಲಿ ಕೆರೆಯಾಗಿದ್ದ ನಮ್ಮ ರಸ್ತೆಯಲ್ಲಿ ಬೋರ್‌ವೆಲ್ಲುಗಳು ಬತ್ತಿದವು. ಟ್ಯಾಂಕರ್ ಬಂದ ದಿನ ಹಬ್ಬ. ಪ್ರತಿ ಮನೆಯ ಮುಂದೆಯೂ ನೀಲಿ ಡ್ರಮ್ಮುಗಳು. ಆಗ ಸುದ್ದಿ ಬಂತು: ಸ್ಥಳ ತನಿಖೆಗೆ ನಾಳೆ ಬರುತ್ತಾರೆ.

ಅಜ್ಜಿ ಮನೆಮನೆಗೆ ಹೋಗಿ ಕಟ್ಟಪ್ಪಣೆ ಮಾಡಿದಳು. ‘ಅವ್ನ್ ಕಣ್ಗೆ ಒಂದ್ ತೊಟ್ ನೀರ್ ಕಾಣಿಸ್ಕೂಡ್ದು. ಕೆರೆ ಅಂತ ಬರ್ಕಂಡೋಯ್ತನೆ.’ ಒಂದು ಡ್ರಮ್ ನೀರು ಕಂಡ ಮಾತ್ರಕ್ಕೆ ಯಾರೂ ಕೆರೆ ಎನ್ನುವುದಿಲ್ಲ ಎಂದು ಹೇಳಲು ನನಗೆ ಬಾಯಿರಲಿಲ್ಲ, ಒಂದು ಪ್ಲಾಸ್ಟಿಕ್ ಮೊರ ಕಂಡ ಮಾತ್ರಕ್ಕೆ ಕೆರೆ ಎಂದಿದ್ದರಲ್ಲ! ಡ್ರಮ್ಮುಗಳಿಗೆಲ್ಲ ಬೆಡ್‌ಷೀಟು ಹೊದಿಸಿದೆವು. ಒಗೆದ ಬಟ್ಟೆಗಳನ್ನು ತಂತಿಯಿಂದ ತೆಗೆದೆವು. ತುಳಸಿಗೆ ನೀರು ಹಾಕಲಿಲ್ಲ. ಎದುರು ಮನೆಯ ಮಗು ಗಾಜಿನ ಬಾಟಲಿಯಲ್ಲಿ ಎರಡು ಮೀನು ಸಾಕಿತ್ತು. ಗುಮಾಸ್ತರ ಮಾತು ನೆನಪಾಗಿ ನಾನೇ ಹೋಗಿ ಅದನ್ನು ದೇವರ ಮನೆಯಲ್ಲಿ ಬಚ್ಚಿಡಿಸಿದೆ.

ತನಿಖೆಗೆ ಬಂದವರು ಕನಕಪುರ ರಸ್ತೆಯ ಬಸ್ ಸ್ಟಾಪಿನಿಂದ ಬಿಸಿಲಲ್ಲಿ ನಡೆದು ಬಂದಿದ್ದರು. ಅಜ್ಜಿಯ ಕೋಣೆಯ ಗೋಡೆಯ ಜಾಗದಲ್ಲಿ ಕಟ್ಟಿದ್ದ ತಗಡು ನೋಡಿದರು, ರಸ್ತೆ ನೋಡಿದರು. ನಮ್ಮ ವರಾಂಡದ ನೆರಳಲ್ಲಿ ಕೂತು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

‘ಒಂದ್ ಲೋಟ ನೀರು ಕೊಡ್ತೀರಾ ಮೇಡಂ?’

ಅಮ್ಮ ಎದ್ದೇಬಿಟ್ಟಳು. ಜಗಳಕ್ಕೆ ಬಂದವರಿಗೂ ಮೊದಲು ನೀರು ಕೊಟ್ಟು ಆಮೇಲೆ ಜಗಳ ಆಡುವ ಮನೆ ನಮ್ಮದು.

‘ನೀರಿಲ್ಲ!’ ಅಜ್ಜಿ ಕೂಗಿದಳು.

ಅಮ್ಮ ನಿಂತಲ್ಲೇ ನಿಂತಳು. ಬಂದವರು ಅಮ್ಮನ ಮುಖ ನೋಡಿದರು. ಅಮ್ಮ ನೆಲ ನೋಡಿದಳು. ಅವಳ ಕೈ ತಾನಾಗಿ ಲೋಟ ಹಿಡಿದ ಹಾಗೆ ಮಡಚಿಕೊಂಡಿತ್ತು. ‘ಇಲ್ಲ ಸಾರ್,’ ಎಂದಳು ಕೊನೆಗೆ, ‘ನೀರಿಲ್ಲ.’ ಅಮ್ಮ ಸುಳ್ಳು ಹೇಳಿದ್ದನ್ನು ನಾನು ಹಿಂದೆಯೂ ಕೇಳಿದ್ದೆ. ಹೇಳಿದ ಮೇಲೆ ಅಳುವ ಹಾಗಾದದ್ದನ್ನು ನೋಡಿದ್ದು ಅದೇ ಮೊದಲು.

‘ಮಜ್ಜಿಗೆಯಾದ್ರೂ?’

ಅಜ್ಜಿ ಒಂದು ಕ್ಷಣ ಲೆಕ್ಕ ಹಾಕಿದಳು. ‘ಮಜ್ಜಿಗೇಗೂ ನೀರ್ ಬೇಕಲ್ಲ ಸ್ವಾಮಿ.’

ನಾನು ಬೆಡ್‌ಷೀಟು ಹೊದಿಸಿದ ಡ್ರಮ್ಮಿನ ಮೇಲೆ ಕೂತಿದ್ದೆ. ಭಯಕ್ಕೆ ಕಾಲು ಬದಲಿಸಿದೆ. ಡ್ರಮ್ಮಿನೊಳಗೆ ನೀರು ಗುಳುಂ ಎಂದಿತು.

ತನಿಖೆಯವರು ಡ್ರಮ್ಮನ್ನು ನೋಡಿದರು, ನನ್ನನ್ನು ನೋಡಿದರು, ಅಜ್ಜಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಾಗದ ತೆಗೆದು, ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದಿದರು: ‘ಸ್ಥಳ ಪರಿಶೀಲಿಸಲಾಗಿ, ಸದರಿ ಜಾಗದಲ್ಲಿ ಕುಡಿಯಲು ಸಹ ನೀರು ದೊರೆಯಲಿಲ್ಲ. ಆದ್ದರಿಂದ ಇದು ಕೆರೆ ಅಲ್ಲ. ಅರ್ಜಿದಾರಳು ಇಲ್ಲಿ ವಾಸವಿರುವುದು ನಿಜ.’

ಅವರು ತಿರುವು ದಾಟುವುದನ್ನೇ ಕಾದಿದ್ದ ಅಜ್ಜಿ ನನ್ನ ಬೆನ್ನಿಗೊಂದು ಗುದ್ದಿದಳು. ‘ಓಡ್ಲಾ, ಚೊಂಬ್ ತಗಂಡ್ ಓಡು! ಉರಿಬಿಸ್ಲಲ್ಲಿ ಬಂದೋರು. ನಮ್ ಪಾಪ ನಮ್ನ ಸುಮ್ಕೆ ಬುಡಾಕಿಲ್ಲ.’ ಬಸ್ ಸ್ಟಾಪಿನಲ್ಲಿ ಅವರು ಚೊಂಬನ್ನು ಎತ್ತಿ ಕೊನೆಯ ಹನಿಯವರೆಗೂ ಕುಡಿದರು.

‘ಡ್ರಮ್ಮಿಂದಾ?’

‘ಹೌದು ಸಾರ್.’

‘ಚೆನ್ನಾಗಿದೆ. ಆದ್ರೆ ಮಳೆಗಾಲದಲ್ಲಿ ಮಾತ್ರ ನನ್ನನ್ನ ಕರೀಬೇಡಪ್ಪ.’

ಪಿಂಚಣಿ ಮತ್ತೆ ಬರತೊಡಗಿತು. ಚಾಕು ನಮ್ಮ ಮನೆಯಲ್ಲೇ ಉಳಿಯಿತು. ಇಲ್ಲಿಗೆ ನಿಲ್ಲಿಸಿದರೆ ಚೆಂದ ಕಾಣುತ್ತದೆ. ಅದಕ್ಕೇ ನನಗೆ ಇಲ್ಲಿ ನಿಲ್ಲಿಸಲು ಹಿಂಜರಿಕೆ. ಆ ವರ್ಷದಿಂದ ಅಜ್ಜಿ ಮಳೆಗೆ ಹೆದರತೊಡಗಿದಳು. ಬಿದ್ದ ಗೋಡೆಯನ್ನು ಬಿಟ್ಟು ಗಂಗಮ್ಮನಿಗೆ ಬಾಗಿನ ಕೊಡಿಸಿದ್ದವಳು, ಮೋಡ ಕಟ್ಟಿದರೆ ಸಾಕು ಹೊಸ್ತಿಲಿಗೆ ಮಣ್ಣು ಮೆತ್ತಿ, ‘ಈ ಕಡೀಕ್ ಬರ್ಬ್ಯಾಡ ಕಣವ್ವ, ಆಫೀಸ್ನೋರ್ ನೋಡುದ್ರೆ ಕೆರೆ ಅಂತ ಬರ್ಕತರೆ’ ಎಂದು ಬೇಡಿಕೊಳ್ಳುತ್ತಿದ್ದಳು. ಇನ್ನೊಮ್ಮೆ ನಮ್ಮ ಅಂಗಳಕ್ಕೆ ನೀರು ಬಂದಾಗ ಅಮ್ಮ ಮೊರ ತೆಗೆದರೂ ಅಜ್ಜಿ ಬಾಗಿನ ಕೊಡಲು ಬಿಡಲಿಲ್ಲ. ಒಂದು ಫೋಟೋ ಅವಳ ಮಾತ್ರೆಯನ್ನು ಕಿತ್ತುಕೊಂಡಿತ್ತು. ಮಾತ್ರೆ ವಾಪಸು ಬಂತು. ಗಂಗಮ್ಮ ಬರಲಿಲ್ಲ.

ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಾನು ಫಾರಂ ತುಂಬಿ ಕೊಟ್ಟದ್ದು ಅದರ ನಂತರ. ಪಟ್ಟಿಯ ವಿಚಾರಣೆಗೆ ಬಂದ ಶಾಲೆಯ ಮೇಷ್ಟರು ಜಿಟಿಜಿಟಿ ಮಳೆಯಲ್ಲಿ ನಮ್ಮ ವರಾಂಡದಲ್ಲಿ ಕೂತರು. ಅಜ್ಜಿ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಕಾಗದ ಹಿಡಿದು ಬಂದ ಯಾರನ್ನೂ ಅವಳು ನಂಬುತ್ತಿರಲಿಲ್ಲ.

‘ಈ ವಿಳಾಸದಲ್ಲಿ ಕಾಯಂ ವಾಸಾನಾ?’ ಎಂದು ಮೇಷ್ಟರು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ರಸ್ತೆಯ ತಗ್ಗಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಹೇಳಿದಳು:

‘ಬೇಸ್ಗೇಲಿ ಮಾತ್ರ ಸ್ವಾಮಿ.’